ಹಡಗಿನ ಭಾವನ ದ್ವೀಪವಾಸವೂ ದೊಡ್ಡವ್ವನ ಬೆಳ್ಳಿ ಚೊಂಬೂ

ನಮ್ಮ ಮನೆತನದವರು ನೀರಿನ ಹತ್ತಿರ ಹೋದಾಗಲೆಲ್ಲ ಏನಾದರೊಂದು ಮುಳುಗುತ್ತದೆ. ಹೆಚ್ಚಿನ ಸಲ ಮುಳುಗುವುದು ಮರ್ಯಾದೆ. ಹಗುರವಾದ ವಸ್ತು, ತೇಲಬೇಕಿತ್ತು. ನಮ್ಮದು ಯಾಕೋ ಗುಂಡುಕಲ್ಲಿನ ಹಾಗೆ ಸೀದಾ ತಳಕ್ಕೇ ಹೋಗುತ್ತದೆ. ಇಲ್ಲಿ ಬರೆದಿರುವುದೆಲ್ಲ ನಡೆದದ್ದೇ. ನಡೆಯದೆ ಇದ್ದದ್ದನ್ನೂ ಅಲ್ಲಲ್ಲಿ ಸೇರಿಸಿದ್ದೇನೆ, ಅದು ಓದುವವರ ಅನುಕೂಲಕ್ಕೆ.

೧. ಹಸುವಿನ ಮೂಲಕ ಬೈಗುಳ

ಹಾಸನದಿಂದ ದುದ್ದದ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ದೊಡ್ಡಪ್ಪನ ಮನೆ, ನಮ್ಮ ಮನೆ ಬೆನ್ನಿಗೆ ಬೆನ್ನು. ನಡುವೆ ಒಂದು ಸೇದೋ ಬಾವಿ. ಬಾವಿ ಒಂದೇ, ರಾಟೆ ಎರಡು.

ಒಂದು ದಿನ ದೊಡ್ಡವ್ವನ ತವರಿನ ಬೆಳ್ಳಿ ಚೊಂಬು ಕಾಣೆಯಾಯಿತು. ಅವಳು ಅಡುಗೆಮನೆ ಹುಡುಕಲಿಲ್ಲ, ದೇವರಮನೆ ಹುಡುಕಲಿಲ್ಲ, ನೆಟ್ಟಗೆ ನಮ್ಮ ಮನೆ ಕಡೆ ತಿರುಗಿ ನಿಂತಳು. ಅಪ್ಪ ತೀರಿಕೊಂಡು ಅವ್ವ ಒಂಟಿಯಾಗಿದ್ದಳು. ಅಂಥವರ ಮನೆ ಕಡೆ ತಿರುಗಿ ನಿಲ್ಲುವುದು ಎಲ್ಲರಿಗೂ ಸಲೀಸು.

"ಬಾವಿಕಟ್ಟೆ ಮೇಲೆ ಮಡಗಿರ್ತೀಯ, ಒಳೀಕ್ ಬಿದ್ದಿರ್ತದೆ. ನೋಡ್ಸಕ್ಕ" ಎಂದಳು ಅವ್ವ.

ಬಾವಿಗೆ ಬಿದ್ದ ಪಾತ್ರೆ ತೆಗೆಯಲು ಪಾತಾಳಗರಡಿ ಬೇಕು. ಹಗ್ಗದ ತುದಿಗೆ ಕಟ್ಟಿ ನೀರಿಗೆ ಬಿಡುವ ಕಬ್ಬಿಣದ ಕೊಕ್ಕೆಗಳ ಗೊಂಚಲು ಅದು. ಊರಿಗೆಲ್ಲ ಇದ್ದದ್ದು ಒಂದೇ, ತುದೀಮನೆ ಅಜ್ಜಿಯದು. ಬೇಕಾದವರು ಒಂದು ಪಾತ್ರೆಯನ್ನು ಅವಳ ಹತ್ತಿರ ಒತ್ತೆಯಿಟ್ಟು ಗರಡಿ ತರಬೇಕು. ಗರಡಿ ಹಿಂದಕ್ಕೆ ಬಂದರೆ ಪಾತ್ರೆ ಹಿಂದಕ್ಕೆ. ಇದು ಊರ ಪದ್ಧತಿ. ನಾನು ತಾಮ್ರದ ತಂಬಿಗೆ ಹಿಡಿದು ಹೋದರೆ ಅಜ್ಜಿ, "ಗರಡಿ ಇಲ್ಲ ಕಣ್ಲಾ. ಇಸ್ಕಂಡೋದೋರು ತಂದ್ಕೊಡ್ನಿಲ್ಲ" ಎಂದು ಮುಖದ ಮೇಲೆ ಬಾಗಿಲು ಹಾಕಿದಳು. ಸರಿ, ಆಳು ಇಳಿಸೋಣ ಎಂದರೆ ದೊಡ್ಡಪ್ಪ ಅಡ್ಡ ನಿಂತ. "ಕುಡಿಯೋ ನೀರಿಗೆ ಕಾಲಿಡಾದಾ? ಗಂಗಮ್ಮ ಸುಮ್ಕಿರ್ತಾಳಾ?"

ಅಲ್ಲಿಗೆ ಅವ್ವ ಕಳ್ಳಿಯಾದಳು. ನೆಂಟರ ಮದುವೆಗಳಲ್ಲಿ ಅವಳನ್ನು ಉಗ್ರಾಣದ ಬಾಗಿಲಿಗೂ ಬಿಡುತ್ತಿರಲಿಲ್ಲ. ಓರಗಿತ್ತಿಯರ ನಡುವೆ ಮಾತು ನಿಂತಿತು. ಆದರೆ ಬೈಗುಳ ನಿಲ್ಲಬೇಕಲ್ಲ? ದೊಡ್ಡವ್ವ ತನ್ನ ಹಸುವಿಗೆ ಹೇಳುವಳು: "ಲೇ ಗೌರಿ, ಕಳ್ಳರ ಇತ್ಲಗೆ ಓಗ್‌ಬ್ಯಾಡ ಕಣೆ, ನಿನ್ ಗಂಟೆ ಬಿಚ್ಕತ್ತಾರೆ." ಅವ್ವ ತನ್ನ ಎಮ್ಮೆಗೆ ಹೇಳುವಳು: "ಲೇ ಕೆಂಪಿ, ಬಾಯಿ ವಾಸನೆ ಇರೋರ ಪಕ್ಕ ನಿಂತ್ಕಬ್ಯಾಡ, ಆಲು ಒಡೆದೋಯ್ತದೆ."

ಎರಡು ಪ್ರಾಣಿಗಳೂ ಒಂದೇ ಬಾನಿಯಲ್ಲಿ ಕಲಗಚ್ಚು ಕುಡಿದುಕೊಂಡು ಅನ್ಯೋನ್ಯವಾಗಿದ್ದವು. ಅವುಗಳ ಕೆಲಸ ಬೈಗುಳ ತಲುಪಿಸುವುದು, ನಂಬುವುದಲ್ಲ.

೨. ಸಾವಿಲ್ಲ, ಮದುವೆಯಿಲ್ಲ, ಪ್ರಯಾಣ ಮಾತ್ರ

ಹೀಗೆ ವರ್ಷಗಳು ಕಳೆದ ಮೇಲೆ ದೊಡ್ಡವ್ವನ ಅಳಿಯ ಬೊಂಬಾಯಿಯಿಂದ ರಜಕ್ಕೆ ಬಂದ. ಅರಕಲಗೂಡಿನ ಹೊಗೆಸೊಪ್ಪಿನ ಮನೆಯವನು, ಹಡಗಿನಲ್ಲಿ ನೌಕರಿ. ಹಡಗು ಎಂದರೆ ಅದರ ಉಗ್ರಾಣ. ಭಾವ ಸಮುದ್ರಕ್ಕೆ ಕಾಲಿಟ್ಟದ್ದಕ್ಕಿಂತ ಈರುಳ್ಳಿ ಮೂಟೆಗೆ ಕಾಲಿಟ್ಟದ್ದು ಹೆಚ್ಚು. ಹಡಗು ಕೆಟ್ಟು ವೆಸ್ಟ್ ಇಂಡೀಸಿನ ಯಾವುದೋ ದ್ವೀಪದಲ್ಲಿ ನಿಂತಾಗ ಅಲ್ಲಿ ಬಿಳಿ ದೊರೆಗಳು ಹೆಂಡತಿ ಮಕ್ಕಳ ಸಮೇತ ಬಂದು ನೀರಿನೊಳಗೆ ಮುಳುಗಿ ಮೀನು ನೋಡುವುದನ್ನು ಕಂಡನಂತೆ. ಒಬ್ಬ ದೊರೆ ಬಿಟ್ಟುಹೋದ ಸಾಮಾನುಗಳನ್ನು ಟ್ರಂಕಿನಲ್ಲಿ ತಂದಿದ್ದ: ಮೂಗು ಸೇರಿಸಿ ಮುಚ್ಚುವ ಗಾಜಿನ ಕನ್ನಡಕ, ಬಾಯಲ್ಲಿ ಕಚ್ಚಿ ಉಸಿರಾಡುವ ಕೊಳವೆ, ಬಾತುಕೋಳಿ ಪಾದದಂಥ ರಬ್ಬರಿನ ಜೋಡು.

"ನಾವೂ ಒಂದು ದ್ವೀಪಕ್ಕೆ ಹೋಗೋಣ. ಎರಡು ಮನೆಯವರೂ" ಎಂದ ಭಾವ. ಹೊಳೆನರಸೀಪುರದ ಹತ್ತಿರ ಹೇಮಾವತಿಯ ನಡುವೆ ಬೇಸಿಗೆಯಲ್ಲಿ ಏಳುವ ಮರಳುಗಡ್ಡೆಯೇ ಆ ದ್ವೀಪ.

ದೊಡ್ಡವ್ವ ಕೇಳಿದಳು, "ಅಲ್ಲಿ ಯಾರು ಸತ್ತವ್ರೆ?"

"ಯಾರೂ ಇಲ್ಲ ಅತ್ತೆ."

"ಮದ್ವೆಯಾ?"

"ಅಲ್ಲ."

"ಮತ್ತೆ ಅರಕೆಯಾ?"

"ಸುಮ್ಮನೆ ಅತ್ತೆ. ಸಂತೋಷಕ್ಕೆ."

ದೊಡ್ಡವ್ವ ಮಗಳನ್ನು, ಅಂದರೆ ನಮ್ಮ ಅಕ್ಕನನ್ನು, ಒಳಗೆ ಕರೆದು ಪಿಸುಗುಟ್ಟಿದಳು. "ಅಳೀಂದ್ರಿಗೆ ತಲೆ ಗಟ್ಟಿ ಐತೇನವ್ವ? ಮೊದ್ಲಿಂದ್ಲೂ ಇಂಗೇಯಾ, ಇಲ್ಲಾ ಉಪ್ಪುನೀರು ಕುಡ್ದಾ?"

೩. ಧೂಳಿನ ಮಹಿಮೆ

ಹೊರಟೆವು. ಸಂತೋಷಕ್ಕೆ ಬೇಕೆಂದು ದೊಡ್ಡವ್ವ ರಾಗಿಹಿಟ್ಟಿನ ಮೂಟೆ, ಮುದ್ದೆಕೋಲು, ಒರಳುಕಲ್ಲಿನ ಗುಂಡು ತಂದಿದ್ದಳು. ಒರಳು ಸಿಕ್ಕುತ್ತದೆ, ಗುಂಡು ಸಿಕ್ಕುವುದಿಲ್ಲ ಎಂದು ಅವಳ ಲೆಕ್ಕ. ಬಸ್ಸಿನಲ್ಲಿ ದನಕರು ಇರಲಿಲ್ಲವಾದ್ದರಿಂದ ಓರಗಿತ್ತಿಯರಿಬ್ಬರೂ ನನ್ನ ಮೂಲಕ ಬೈದಾಡಿದರು. ಹಾಸನದಿಂದ ಹೊಳೆನರಸೀಪುರದವರೆಗೂ ಗೌರಿಯ ಜಾಗದಲ್ಲಿ ನಾನು. ಹುಲ್ಲು ಮಾತ್ರ ಯಾರೂ ಹಾಕಲಿಲ್ಲ.

ದಾರಿಯ ಧೂಳು ಒಳಗೆ ನುಗ್ಗತೊಡಗಿತು. ಭಾವ ಗಂಭೀರವಾಗಿ ಟ್ರಂಕು ತೆಗೆದು ಗಾಜಿನ ಕನ್ನಡಕ ಏರಿಸಿಕೊಂಡ. ಯಾರದೋ ಕೈಚೀಲದ ಕೋಳಿಯೊಂದು ಅವನನ್ನು ನೋಡಿ ಮೊಟ್ಟೆ ಇಟ್ಟಿತು. (ಅಕ್ಕ ಇದನ್ನು ಸುಳ್ಳು ಅನ್ನುತ್ತಾಳೆ. ಮೊಟ್ಟೆ ತಿಂದವಳು ಅವಳೇ.) ಕಂಡಕ್ಟರ್ ದೂರದಿಂದಲೇ ಕೈಚಾಚಿ ಟಿಕೇಟು ಕೊಟ್ಟ.

"ಯಾವ ಡಿಪಾರ್ಟ್‌ಮೆಂಟ್ ಸಾ?"

"ನೀರು" ಎಂದ ಭಾವ, ಮೂಗು ಮುಚ್ಚಿಕೊಂಡಿದ್ದ ದನಿಯಲ್ಲಿ.

"ಅದ್ಕೇ ನಲ್ಲೀಲಿ ಬರಾಕಿಲ್ಲ" ಎಂದು ಹಿಂದಿನ ಸೀಟಿನವರು ತಮ್ಮ ತಮ್ಮಲ್ಲೇ ಮಾತಾಡಿಕೊಂಡರು.

ಇಳಿದ ಮೇಲೆ ಭಾವ ಕನ್ನಡಕ ತೆಗೆದ. ಮುಖದ ಸುತ್ತ ಕೆಮ್ಮಣ್ಣು, ನಡುವೆ ಕಣ್ಣು ಮೂಗಿನ ಸುತ್ತ ಮಾತ್ರ ಅವನ ಸ್ವಂತ ಬಣ್ಣ. ದೊಡ್ಡವ್ವ ಕಣ್ಣಗಲಿಸಿ ನೋಡಿ, ಮಗಳ ಕೈ ಹಿಡಿದುಕೊಂಡು ಹೇಳಿದಳು. "ಸಂಬಂಧ ನೋಡಾಕೆ ಓದಾಗ ಇಂಗೆ ಕಂಡಿದ್ರೆ ನಿಮ್ಮಪ್ಪ ಬಾಳೆಹಣ್ಣು ಎಸ್ದು ಬಂದ್ಬುಡೋರು."

೪. ಹೇಮಾವತಿಯ ಗ್ಯಾಸು

ಮರಳುಗಡ್ಡೆ ತಲುಪಿದೆವು. ಭಾವ ಬಾತುಪಾದ ತೊಟ್ಟು, ಅದರಲ್ಲಿ ಮುಂದಕ್ಕೆ ನಡೆಯಲಾಗದೆ ಹಿಂದಕ್ಕೇ ನಡೆದು ನೀರಿಗೆ ಇಳಿದ. ದಡದ ಜನ ಇವನು ಹೊಳೆಯಿಂದ ಹೊರಗೆ ಬರುತ್ತಿದ್ದಾನೆ ಎಂದುಕೊಂಡರು. ಆಮೇಲೆ ಮುಳುಗಿದ. ನೀರಿನ ಮೇಲೆ ಕೊಳವೆಯ ತುದಿ ಮಾತ್ರ ನೆಟ್ಟಗೆ ಓಡಾಡುತ್ತಿತ್ತು.

"ಅಳೀಂದ್ರು ಎಲ್ಲಲಾ?"

"ಆ ಕೊಳವೆ ಕೆಳಗವ್ರೆ ದೊಡ್ಡವ್ವ."

"ಅಯ್ಯೋ, ಉಸುರು?"

"ಅದ್ರೊಳಗೇ ಬತ್ತದೆ."

ಬರುತ್ತದೋ ಇಲ್ಲವೋ ಪರೀಕ್ಷೆ ಮಾಡುವುದು ನೆಂಟನಾದವನ ಕರ್ತವ್ಯ. ದೊಡ್ಡಪ್ಪನ ನಶ್ಯದ ಡಬ್ಬಿ ಎತ್ತಿಕೊಂಡು, ಎದೆಮಟ್ಟದ ನೀರಿನಲ್ಲಿ ಮೆಲ್ಲಗೆ ಹೋಗಿ, ಕೊಳವೆಯ ಬಾಯಿಗೆ ಒಂದು ಚಿಟಿಕೆ ತೋರಿಸಿದೆ. ಅದು ಸೊರ್ರನೆ ಎಳೆದುಕೊಂಡಿತು. ಉಸಿರು ಚೆನ್ನಾಗಿಯೇ ಹೋಗುತ್ತಿತ್ತು.

ಆಮೇಲೆ ಹೇಮಾವತಿ ಸೀನಿದಳು. ಆ ಸದ್ದಿಗೆ ಆಚೆ ದಡದಲ್ಲಿ ಮೈ ತೊಳೆಸಿಕೊಳ್ಳುತ್ತಿದ್ದ ಎಮ್ಮೆಗಳು ಅರ್ಧ ತೊಳೆದ ಮೈಯಲ್ಲೇ ಊರಿನ ಕಡೆ ಓಡಿದವು. ಭಾವ ಮೇಲೆದ್ದ. ಕನ್ನಡಕದ ಒಳಗೆಲ್ಲ ಕಣ್ಣೀರು. "ಮಾವಾ, ಈ ಹೊಳೇಲಿ ಎಂಥದೋ ಗ್ಯಾಸ್ ಇದೆ!"

ದೊಡ್ಡಪ್ಪ ಮರಳಿನಲ್ಲಿ ಡಬ್ಬಿ ಹುಡುಕುತ್ತಿದ್ದವನು ತಲೆ ಎತ್ತಿ ಮೂಸಿದ. "ಗ್ಯಾಸಲ್ಲ ಅಳೀಂದ್ರೆ, ನನ್ ನಶ್ಯ. ಇನ್ನೊಂದ್ ದಪ ಸೀನಿ, ಡಬ್ಬಿ ಯಾವ್ ದಿಕ್ಕಲ್ಲೈತೆ ಗೊತ್ತಾಗ್ಲಿ."

೫. ದೊಡ್ಡಪ್ಪನ ಜೋಯಿಸರು

ಮಾರನೆಯ ದಿನ ದೊಡ್ಡವ್ವನಿಗೂ ಆಸೆಯಾಯಿತು. ದಡದಲ್ಲಿ ಬೋರಲು ಮಲಗಿ, ಕನ್ನಡಕ ಹಾಕಿ, ಮುಖ ಮುಳುಗಿಸಿದಳು. ನಾವು ಮೂವರು ಸೆರಗು ಹಿಡಿದಿದ್ದೆವು.

"ಅಯ್ಯಯ್ಯೋ, ತಳಾನೇ ಕಾಣ್ತದಲ್ರೋ! ಕಲ್ಲು ಕಾಣ್ತದೆ, ಮೀನ್ಮರಿ ಕಾಣ್ತದೆ!" ಎಂದು ಎದ್ದವಳು ಕನ್ನಡಕ ಬಿಚ್ಚಿ ತಿರುಗಿಸಿ ನೋಡಿದಳು. "ಅಳೀಂದ್ರೆ, ಇದ್ನ ಹಾಕ್ಕಂಡು ನಮ್ ಬಾವಿಗೆ ಇಳುದ್ರೆ?"

"ಸೂಜಿ ಬಿದ್ದಿದ್ರೂ ಕಾಣುತ್ತೆ ಅತ್ತೆ."

ದೊಡ್ಡವ್ವ ಅವ್ವನಿಂದ ಮಾರುದೂರದಲ್ಲಿ ನಿಂತು ನನಗೆ ಹೇಳಿದಳು. "ಲೇ, ನಿಮ್ಮವ್ವಂಗೇಳು. ಚೊಂಬು ಬಾವೀಲಿದ್ರೆ ನಾನೇ ಎಲೆ ಅಡಿಕೆ ಹಿಡ್ಕಂಡು ಅವಳ ಬಾಗ್ಲಿಗೆ ಬತ್ತೀನಿ. ಇಲ್ದಿದ್ರೆ, ಕದ್ದೋಳು ನಾನೇ ಅಂತ ಅವಳೇ ಊರ ಮುಂದೆ ಒಪ್ಕಬೇಕು."

ಅವ್ವ ಮರಳಿನಲ್ಲಿ ಬೆರಳಾಡಿಸುತ್ತಿದ್ದಳು. "ಆಗ್ಲಿ ಅಂತೇಳ್ಲಾ" ಎಂದಳು.

ಎಲ್ಲರಿಗಿಂತ ಹೆಚ್ಚು ಬೆವರಿದವನು ದೊಡ್ಡಪ್ಪ. ಮೊದಲು ಹೊಟ್ಟೆನೋವು ಎಂದ. ಆಮೇಲೆ ಬಾವಿಯಲ್ಲಿ ಹಾವಿದೆ ಎಂದ. "ದಿನಾ ಕುಡಿಯೋ ನೀರಲ್ಲಿ ಆವೈತೆ ಅಂತ ಇವತ್ತೇಳ್ತೀಯಾ?" ಎಂದು ದೊಡ್ಡವ್ವ ಗದರಿದ ಮೇಲೆ ಕೊನೆಯ ಅಸ್ತ್ರ ತೆಗೆದ. "ಚನ್ನರಾಯಪಟ್ಟಣದ ಜೋಯಿಸ್ರು ಏಳವ್ರೆ ಕಣೆ. ಈ ತಿಂಗ್ಳು ನಮ್ ಮನ್ತನದೋರು ಯಾರೂ ನೀರಿಗೆ ಇಳೀಬಾರ್ದಂತೆ, ಪ್ರಾಣಕ್ಕೇ ಅಪಾಯ್ವಂತೆ!"

ಇದನ್ನು ಅವನು ಹೇಳಿದ್ದು ಸೊಂಟದ ಮಟ್ಟ ಹೇಮಾವತಿಯಲ್ಲಿ ನಿಂತು, ಬೆನ್ನು ಉಜ್ಜಿಕೊಳ್ಳುತ್ತ.

೬. ಬಾವಿಯಲ್ಲಿ ಸಿಕ್ಕಿದ್ದು

ದ್ವೀಪವಾಸ ಅಲ್ಲಿಗೇ ಮುಗಿಸಿ ಊರಿಗೆ ಬಂದೆವು. ಗಂಗಮ್ಮನಿಗೆ ಹಣ್ಣುಕಾಯಿ ಆಯಿತು. ಊರಿಗೆ ಊರೇ ಬಾವಿಯ ಸುತ್ತ. ಭಾವ ಚಡ್ಡಿ, ಕನ್ನಡಕ, ಬಾತುಪಾದದಲ್ಲಿ ಸಿದ್ಧನಾದ. ಒಂದೇ ಹಗ್ಗವನ್ನು ನಂಬಲಾಗದೆ ಎರಡು ರಾಟೆಯ ಹಗ್ಗವನ್ನೂ ಸೊಂಟಕ್ಕೆ ಕಟ್ಟಿದೆವು. ಆ ಕಡೆಯಿಂದ ದೊಡ್ಡವ್ವನ ಮನೆಯವರು, ಈ ಕಡೆಯಿಂದ ನಾನೂ ಅವ್ವನೂ. ಎರಡು ಮನೆಯವರು ಒಂದೇ ಭಾರವನ್ನು ಹಿಡಿದದ್ದು ಅದೆಷ್ಟೋ ವರ್ಷಗಳ ಮೇಲೆ.

ಮೊದಲು ಬಂದದ್ದು ತುಕ್ಕು ಹಿಡಿದ ಬಕೆಟ್ಟು.

"ಇದು ನಮ್ದಲ್ವಾ? ಇದ್ನೂ ಅವ್ಳೇ ಕದ್ದವ್ಳೆ ಅಂದಿದ್ದೆ" ಎಂದಳು ದೊಡ್ಡವ್ವ, ತಟಕ್ಕನೆ ಬಾಯಿ ಮುಚ್ಚಿಕೊಳ್ಳುತ್ತ. ಆಮೇಲೆ ಒಂದು ಸೌಟು, ಅಕ್ಕನ ಮದುವೆಯಲ್ಲಿ ಕಳೆದ ಒಂದು ಚಪ್ಪಲಿ. ನಾವೆಲ್ಲ ಆ ನೀರನ್ನೇ ಕುಡಿದು ಬೆಳೆದವರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಭಾವ ಮತ್ತೆ ಮತ್ತೆ ಮುಳುಗಿದ. ಕೊನೆಗೆ ಕೆಳಗಿನಿಂದ ಕೂಗಿದ. "ತಳ ಎಲ್ಲ ತಡವಿದೆ ಅತ್ತೆ. ಚೊಂಬಿಲ್ಲ!"

ದೊಡ್ಡವ್ವನ ಮುಖ ಅರಳಿತು. "ನೋಡ್ದೇನೆ ಗೌರಿ? ನಾನೇಳಿರ್ನಿಲ್ವಾ?" ಜನ ಗುಜುಗುಜು ಎಂದರು. ಅವ್ವ ಹಗ್ಗ ಬಿಡಲಿಲ್ಲ, ತಲೆ ಮಾತ್ರ ತಗ್ಗಿಸಿದಳು. ನನಗೆ ಆ ಹೊತ್ತಿಗೆ ಒಂದು ತಮಾಷೆಯೂ ತೋಚಲಿಲ್ಲ. ಇದೊಂದು ಮಾತನ್ನು ನೀವು ಪೂರ್ತಿ ನಂಬಬಹುದು.

ಅಷ್ಟರಲ್ಲಿ ಬಾವಿಯೊಳಗಿಂದ ಅರಚಾಟ. "ಅಯ್ಯಯ್ಯೋ! ಹಿಂದಿನಿಂದ ಯಾರೋ ಹಿಡ್ಕೊಂಡ್ರು! ಎಳೀರೋ!"

ಎಳೆದೆವು. ಭಾವ ಬೆನ್ನು ಮೇಲಾಗಿ ಬಂದ. ಅವನ ಚಡ್ಡಿಗೆ ಗಟ್ಟಿಯಾಗಿ ಕಚ್ಚಿಕೊಂಡು, ಪಾಚಿ ಸುರಿಸುತ್ತ, ತುಂಡು ಹಗ್ಗದ ಬಾಲ ಬಿಟ್ಟುಕೊಂಡು ಬಂದದ್ದು ಒಂದು ಪಾತಾಳಗರಡಿ.

"ಅಯ್, ನನ್ ಗರಡಿ!" ಜನರ ನಡುವಿನಿಂದ ತುದೀಮನೆ ಅಜ್ಜಿ ನುಗ್ಗಿ ಬಂದಳು. ಭಾವನ ಕಡೆ ತಿರುಗಿಯೂ ನೋಡದೆ ಕೊಕ್ಕೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. "ಎಲ್ಲಾ ಸರ್ಯಾಗವೆ. ತಡೀರಿ ಬಂದೆ" ಎಂದು ಮನೆಗೆ ಹೋದವಳು ಸೆರಗಿನೊಳಗೆ ಏನನ್ನೋ ಹಿಡಿದು ಬಂದು ಬಾವಿಕಟ್ಟೆಯ ಮೇಲೆ ಇಟ್ಟಳು. ಕಪ್ಪಾಗಿದ್ದ ಬೆಳ್ಳಿ ಚೊಂಬು.

"ಗರಡಿ ಬಂತು, ನಿಮ್ ಚೊಂಬು ತಗಳ್ಳಿ. ಪದ್ದತಿ ಅಂದ್ರೆ ಪದ್ದತಿ."

ಅವ್ವ ಕೇಳಿದಳು, "ಒತ್ತೆ ಮಡಗಿದ್ದು ಯಾರಜ್ಜಿ?"

ಅಜ್ಜಿ ಗದ್ದ ಎತ್ತಿ ತೋರಿಸಿದಳು. ಗದ್ದದ ನೇರಕ್ಕೆ ದೊಡ್ಡಪ್ಪ, ಹುಲ್ಲಿನ ಬಣವೆಯ ಹಿಂದೆ ಸರಿಯುತ್ತಿದ್ದ.

"ಬಕೆಟ್ ಬಿದ್ದೋಯ್ತು ಕಣೆ" ಎಂದ. "ನೀನು ಬೈತೀಯ ಅಂತ ಕೈಗೆ ಸಿಕ್ಕಿದ್ದ ಚೊಂಬು ಮಡಗಿ ಗರಡಿ ತಂದೆ. ಅಗ್ಗ ಕಿತ್ತು ಅದೂ ಬಿದ್ದೋಯ್ತು. ನಾಳೆ ಏಳಾನ ನಾಳೆ ಏಳಾನ ಅಂತ..."

ದೊಡ್ಡವ್ವ ಅಜ್ಜಿಯ ಮೇಲೆ ಹರಿಹಾಯ್ದಳು. "ನೀನಾದ್ರೂ ಬಾಯಿ ಬಿಡಬಾರ್ದಾಗಿತ್ತಾ ಅಜ್ಜಿ? ಇಷ್ಟು ವರ್ಸ ಇವಳ್ನ ಕಳ್ಳಿ ಅಂದ್ನಲ್ಲ!"

"ನೀವು ಚೊಂಬಿನ ಕಳ್ಳರ್ನ ಉಡುಕ್ತಿದ್ರಿ" ಎಂದಳು ಅಜ್ಜಿ. "ನನ್ ಗರಡಿ ಕಳ್ಳರ್ನ ಒಂದಿನ ಆದ್ರೂ ಉಡುಕಿದ್ರಾ?"

ಅವ್ವ ಹಗ್ಗವನ್ನು ಕಂಬಕ್ಕೆ ಬಿಗಿದು ಕಟ್ಟಿ, ನಿಧಾನವಾಗಿ ಎಮ್ಮೆಯ ಹತ್ತಿರ ಹೋದಳು. "ಲೇ ಕೆಂಪಿ, ಕಳ್ಳರ ಮನೆ ಯಾವ್ದು ಅಂತ ಆ ಗೌರಿನ ಒಂದ್ಸಲ ಕೇಳೇ."

ದೊಡ್ಡವ್ವ ಬಿರಬಿರನೆ ಒಳಗೆ ಹೋದಳು. ಜಗಳ ಎಂದುಕೊಂಡೆವು. ತಟ್ಟೆಯಲ್ಲಿ ಎಲೆ ಅಡಿಕೆಯನ್ನೂ ಆ ಕಪ್ಪು ಚೊಂಬನ್ನೂ ಇಟ್ಟುಕೊಂಡು ಸೀದಾ ನಮ್ಮ ಹಿತ್ತಿಲಿಗೆ ಬಂದು ನಿಂತಳು. "ಎಮ್ಮೆ ತಾವ ಯಾಕಮ್ಮಿ ಮಾತು? ನನ್ ತಾವೇ ಆಡು. ಈ ಚೊಂಬು ಇನ್ಮುಂದೆ ನಿಂದೇ. ನಮ್ಮನೇಲಿ ಕಳ್ಳರವ್ರೆ."

ಇಬ್ಬರೂ ಅಳುತ್ತ ಕಾಫಿಗೆ ಒಳಗೆ ಹೋದರು. ಹಿಂದೆಯೇ ಅಕ್ಕ ಹೋದಳು, ಊರು ಹೋಯಿತು, ನಾನೂ ಹೋದೆ. ಬಾವಿಯ ಬಾಯಲ್ಲಿ ತೂಗಾಡುತ್ತಿದ್ದ ಭಾವ "ಲೇ ಬಾಮೈದಾ, ನನ್ನ ಬಿಚ್ಚೋ!" ಎಂದು ಕೂಗಿದ್ದು ಎರಡನೆಯ ಲೋಟದ ಹೊತ್ತಿಗೆ ಕೇಳಿಸಿತು.

ಗೌರಿಗೆ ಕೆಲಸ ತಪ್ಪೀತು ಎಂದು ನನಗೆ ಕನಿಕರವಾಗಿತ್ತು. ತಪ್ಪಲಿಲ್ಲ. ಆ ಸಂಜೆ ದೊಡ್ಡವ್ವ ಬಾಗಿಲಲ್ಲಿ ನಿಂತು, ಜಗಲಿಯ ಮೇಲೆ ಮುದುರಿ ಕೂತಿದ್ದ ಗಂಡನನ್ನು ದಾಟಿ, ಕೊಟ್ಟಿಗೆಯ ಕಡೆ ನೋಡಿ ಕೂಗಿದಳು.

"ಲೇ ಗೌರಿ, ಮುದ್ದೆ ಆಗೈತಂತೆ, ನಿಮ್ಮ ಗೌಡ್ರಿಗೇಳು. ಉಣ್ಣಾಕೆ ತಟ್ಟೆ ಬೇಕಾದ್ರೆ ಏನಾದ್ರೂ ಒತ್ತೆ ಮಡಗಿ ತಗಳ್ಳಿ ಅಂತ."