ಗಂಟು ಕೈಯದೋ, ಯಂತ್ರದ್ದೋ

ಎದೆ ತೆರೆದು ಹೃದಯ ಹೊಲಿಯುವ ಕೆಲಸದಲ್ಲಿ ನಗುವುದಕ್ಕೇನಿದೆ ಎಂದು ಕೇಳುವವರಿದ್ದಾರೆ. ಅವರು ಸೇಡಂ, ಚಿಂಚೋಳಿ ಕಡೆಯ ರೋಗಿಗಳನ್ನು ಕಂಡಿಲ್ಲ, ನನ್ನಪ್ಪನನ್ನೂ ಕಂಡಿಲ್ಲ.

ಪಾಯಿಜಾಮದ ಲಾಡಿ

ಡಾಕ್ಟರಿಕೆ ಕಲಿಯುವಾಗ ಸಿಕ್ಕಿದ್ದಕ್ಕೆಲ್ಲ ಗಂಟು ಹಾಕುವ ಹುಚ್ಚು ನನಗೆ. ರಜೆಗೆ ಶಹಾಬಾದಿನ ಮನೆಗೆ ಬಂದಾಗ, ಗೂಟಕ್ಕೆ ತೂಗಿದ್ದ ಅಪ್ಪನ ಪಾಯಿಜಾಮದ ಲಾಡಿಗೂ ಸಾಲಾಗಿ ಹಾಕಿಬಿಟ್ಟೆ. ಬೆಳಿಗ್ಗೆ ಅವರಿಗೆ ವಾಡಿಯಲ್ಲಿ ಡ್ಯೂಟಿ, ರೈಲಿಗೆ ಹೊತ್ತಾಗಿತ್ತು. ಉಗುರು, ಹಲ್ಲು ಎರಡೂ ಸೋತವು. ಅವ್ವ ಕತ್ತರಿ ತಂದಳು. ಅಪ್ಪ ಬೈಯಲಿಲ್ಲ.

“ಬಿಚ್ಚವಲ್ದು ಅಂದ್ರ ನೀ ಡಾಕ್ಟರ್ ಆದಿ ಬಿಡು. ಆದ್ರ ರೋಗಿಗೆ ಹಾಕು, ನನಗ ಬ್ಯಾಡ” ಎಂದು ಸುತಳಿ ಕಟ್ಟಿಕೊಂಡು ಓಡಿದರು.

ಸಿಸ್ಟರ್ ಕೈಯ ಗಡಿಯಾರ

ಹೃದಯದ ಕವಾಟ ಕೆಟ್ಟರೆ ಹೊಸದು ಕೂರಿಸುತ್ತೇವೆ. ಸುತ್ತ ಹದಿನೈದರಷ್ಟು ದಾರ, ಒಂದೊಂದಕ್ಕೂ ಆರೇಳು ಗಂಟು. ಅಷ್ಟೂ ಹೊತ್ತು ಹೃದಯ ನಿಂತಿರುತ್ತದೆ. ಈಚೆಗೆ ಬಂದ ಯಂತ್ರ ಗಂಟಿನ ಬದಲು ಸಣ್ಣ ಲೋಹದ ಕ್ಲಿಪ್ ಒತ್ತಿ, ಉಳಿದ ದಾರ ಕತ್ತರಿಸಿಯೂ ಬಿಡುತ್ತದೆ. ಕವಾಟದ ಬದಲು ರಬ್ಬರ್ ಬಳೆಯ ಮೇಲೆ ಎರಡನ್ನೂ ಹೋಲಿಸಿದೆವು: ನನ್ನದು ಕೈ, ಜೊತೆಯ ವೈದ್ಯರದು ಯಂತ್ರ. ಹೊತ್ತು ಎಣಿಸಲು ಸಿಸ್ಟರ್ ಗಡಿಯಾರ ಹಿಡಿದು ನಿಂತಳು.

“ಸರ್, ಅವರು ಮುಗಿಸಿ ಚಾ ಕುಡಿದು ಬಂದ್ರು. ನೀವು ಇನ್ನಾ ಆರನೇ ದಾರದಾಗ ಅದೀರಿ” ಎಂದಳು ಸಿಸ್ಟರ್.

ಅಂದಿನಿಂದ ಆ ಯಂತ್ರ ಕಂಡರೆ ನನಗಾಗದು.

ಸುಲೇಪೇಟದ ಪರೀಕ್ಷೆ

ಸುಲೇಪೇಟದ ಒಬ್ಬರು ಬಂದರು. ಕಾಳಿನ ಮಂಡಿಯಲ್ಲಿ ತೊಗರಿ ಚೀಲದ ಬಾಯಿ ಹೊಲಿಯುವುದು ಅವರ ಕೆಲಸ. ಕವಾಟ ಪೂರ್ತಿ ಕೆಟ್ಟಿತ್ತು, ಹೃದಯವೂ ದಣಿದಿತ್ತು. ಅದನ್ನು ಹೆಚ್ಚು ಹೊತ್ತು ನಿಲ್ಲಿಸಿಟ್ಟರೆ ಮತ್ತೆ ಬಡಿದೀತೇ ಎಂಬ ಹೆದರಿಕೆ ನನಗೆ. ಎರಡೂ ವಿಧಾನ ವಿವರಿಸಿದೆ.

“ಕೈಲೇ ಹಾಕ್ರಿ. ಮಷೀನ್ ಹೊಲಿಗಿ ಒಂದು ದಾರ ಎಳದ್ರ ಪೂರಾ ಬಿಚ್ಚತದ” ಎಂದರು.

ಇದು ಚೀಲದ ಮಷೀನಲ್ಲ, ನಿಮಗೆ ಅದೇ ಒಳ್ಳೆಯದು ಎಂದು ನಾನು ಹೇಳಬೇಕಿತ್ತು. ಹೊಗಳಿಕೆಗೆ ಉಬ್ಬಿ ಸುಮ್ಮನಾದೆ. ಈಗಲೂ ನಾಚಿಕೆಯಾಗುತ್ತದೆ.

ಅವರ ಹೆಂಡತಿ ಚೀಲದ ದಾರ ಮುಂದಿಟ್ಟು, “ಒಂದು ಹಾಕಿ ತೋರಸ್ರಿ” ಎಂದರು. ಜನ್ಮದಲ್ಲಿ ಹಾಕದಷ್ಟು ಚೆಂದದ ಗಂಟು ಹಾಕಿದೆ. ಆಕೆ ಎಳೆದರು, ತಿರುವಿದರು, ಉಗುರು ತೂರಿಸಿದರು. ಅದು ಜಗ್ಗಲಿಲ್ಲ.

“ಗಂಟು ಭಾಳ ಛಲೋ ಅದರಿ. ಆದ್ರ ಒಂದಕ್ಕ ಇಷ್ಟೊತ್ತು ಹಿಡದ್ರ ಮಂಡಿಯಾಗ ನಿಮ್ಮನ್ನ ಒಂದು ದಿನಾನೂ ಇಟ್ಕೋತಿದ್ದಿಲ್ಲ. ಮಷೀನೇ ತೊಗೊಳ್ರಿ.”

ಬಾಯಿ ತೆರೆದ ಚೀಲ

ಗಂಡನೂ ಒಪ್ಪಿದರು, ಯಂತ್ರವನ್ನೇ ಬಳಸಿದೆ. ಹೃದಯ ತಾನಾಗಿ ಬಡಿಯತೊಡಗಿದಾಗ ಕಣ್ಣು ತುಂಬಿತು.

ಎರಡು ತಿಂಗಳಾದ ಮೇಲೆ ಗಂಡ ಹೆಂಡತಿ ಬಸ್ಸಿಳಿದು ಬಂದರು, ಸಣ್ಣ ಚೀಲದ ತುಂಬ ತೊಗರಿಬೇಳೆ ತಂದಿದ್ದರು. ಚೀಲದ ಬಾಯಿ ತೆರೆದೇ ಇತ್ತು. ಹೊಲಿಯಲು ಮರೆತಿರಾ ಎಂದೆ.

ಗಂಡ ಕಿಸೆಯಿಂದ ದಬ್ಬಣ, ದಾರ ತೆಗೆದು ನನ್ನ ಮೇಜಿನ ಮೇಲಿಟ್ಟು, ಕುರ್ಚಿ ಎಳೆದು ಕೂತರು.

“ಮಷೀನ್ ಒಂದಿನ ಕೆಡತದರಿ. ನೀವು ಹೊಲೀರಿ, ನಾ ಕುಂತು ನೋಡ್ತೀನಿ.”