ಯಾರು ಏನು ಓದಿದರು ಎಂಬ ಪಟ್ಟಿ

ಮೊಳಕಾಲ್ಮೂರು ತಾಲ್ಲೂಕಿನ ಒಂದು ಹಳ್ಳಿಯ ಗ್ರಂಥಾಲಯಕ್ಕೆ ನಾನು ಮೇಲ್ವಿಚಾರಕ. ನಮಗೆ ಎರಡು ಕಂಪ್ಯೂಟರ್ ಬಂದಾಗ ಚಳ್ಳಕೆರೆಯಲ್ಲಿ ಒಂದು ದಿನದ ತರಬೇತಿ ಕೊಟ್ಟರು. ಊಟ ಚೆನ್ನಾಗಿತ್ತು. ಊಟದ ನಂತರ ಓದುಗರ ಗೋಪ್ಯತೆಯ ಬಗ್ಗೆ ಪಾಠವಿತ್ತಂತೆ. ನಾನು ನಿದ್ದೆಯಲ್ಲಿದ್ದೆ.

ಒಂದು ದಿನ ಪಂಚಾಯಿತಿ ಮೆಂಬರೊಬ್ಬರು ಬಂದು, "ಇವನ್ನ ಯಾರಾದ್ರೂ ಮುಟ್ತಾರೇನ್ರಿ, ಇಲ್ಲ ಧೂಳು ತಿಂತಾವಾ?" ಎಂದು ಕೇಳಿದರು. ನನಗೆ ಚುರುಕ್ ಎಂದಿತು. ಯಾವ ಹೊತ್ತಿನಲ್ಲಿ ಏನು ಹುಡುಕಿದ್ದಾರೆ ಎಂಬುದು ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಆ ಹೊತ್ತಿನಲ್ಲಿ ಯಾರು ಕೂತಿದ್ದರು ಎಂಬುದು ಹಾಜರಿ ಪುಸ್ತಕದಲ್ಲಿರುತ್ತದೆ. ಎರಡನ್ನೂ ಜೋಡಿಸಿ, 'ಈ ತಿಂಗಳ ಡಿಜಿಟಲ್ ಓದುಗರಿಗೆ ಹಾರ್ದಿಕ ಅಭಿನಂದನೆಗಳು' ಎಂದು ಒಂದು ಪಟ್ಟಿ ಮಾಡಿ ಹೊರಗಿನ ಬೋರ್ಡಿಗೆ ಅಂಟಿಸಿದೆ. ಹೆಸರಿನ ಮುಂದೆಯೇ ಓದಿದ ವಿಷಯ. ಓದುಗರಿಗೆ ಇದಕ್ಕಿಂತ ಗೌರವ ಬೇಕೆ?

ಪರೀಕ್ಷೆಯ ಫಲಿತಾಂಶ ಬಂದಂತೆ ಜನ ಸೇರಿದರು. ಇಷ್ಟು ಓದುಗರನ್ನು ಗ್ರಂಥಾಲಯ ಯಾವತ್ತೂ ಕಂಡಿರಲಿಲ್ಲ. ಎಲ್ಲರೂ ಬೋರ್ಡನ್ನೇ ಓದಿದರು.

ಸಂಜೆಗೆ ರುದ್ರಪ್ಪ ಮೇಷ್ಟ್ರು ಬಂದರು. ನಿವೃತ್ತರು, ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 'ಅರವತ್ತರ ನಂತರ ಮರುಮದುವೆ' ಎಂದಿತ್ತು.

"ಮಗಳು ಫೋನ್ ಮಾಡಿ ಅತ್ಲಪ್ಪ," ಎಂದರು, ತಗ್ಗಿದ ದನಿಯಲ್ಲಿ. "ನಾನಿನ್ನೂ ಯೋಚನೇನೇ ಮಾಡಿರಲಿಲ್ಲ. ಸುಮ್ನೆ ಓದಿದ್ದೆ."

ಪಟ್ಟಿಯನ್ನು ತಕ್ಷಣ ಕಿತ್ತೆ. ಅಲ್ಲಿಗೇ ಬಿಟ್ಟಿದ್ದರೆ ಸಾಕಿತ್ತು. ಆದರೆ ಜವಾಬ್ದಾರಿಯುತ ಅಧಿಕಾರಿಯಾಗಿ ಅದೇ ಜಾಗದಲ್ಲಿ ಕ್ಷಮಾಪಣೆಯನ್ನೂ ಅಂಟಿಸಿದೆ: 'ಶ್ರೀ ರುದ್ರಪ್ಪನವರ ಮರುಮದುವೆಯ ಆಲೋಚನೆಯನ್ನು ಬಹಿರಂಗಪಡಿಸಿದ್ದಕ್ಕೆ ವಿಷಾದಿಸುತ್ತೇವೆ.' ಪಟ್ಟಿ ನೋಡದೆ ಉಳಿದಿದ್ದ ಹತ್ತಾರು ಮಂದಿಗೂ ಈಗ ವಿಷಯ ತಿಳಿಯಿತು.

ನನ್ನ ಹೆಂಡತಿ ಗಿರಿಜಾ ತರಕಾರಿ ಚೀಲ ಹಿಡಿದು ಬಂದವಳು ಅದನ್ನು ಓದಿ, ಹರಿದು, ಚೀಲಕ್ಕೆ ಹಾಕಿಕೊಂಡಳು. "ಇನ್ನೇನೂ ಬರೀಬ್ಯಾಡ್ರಿ. ಪೆನ್ನು ಕೊಡ್ರಿ ಇಲ್ಲಿ."

ಕೊಟ್ಟೆ.

ನಿಜವಾದ ಪೆಟ್ಟು ಬಿದ್ದದ್ದು ಲಕ್ಷ್ಮೀದೇವಿಗೆ. ಸಾಹುಕಾರರೊಬ್ಬರಿಂದ ರೇಷ್ಮೆ ತಂದು ಮನೆಯ ಮಗ್ಗದಲ್ಲಿ ಕೂಲಿಗೆ ಸೀರೆ ನೇಯುವ ಹೆಂಗಸು. ಆಕೆ ಓದಿದ್ದು 'ಸೀರೆಯನ್ನು ನೇಕಾರರೇ ನೇರವಾಗಿ ಮಾರುವುದು ಹೇಗೆ' ಎಂಬುದನ್ನು. ಸಾಹುಕಾರರೂ ಬೋರ್ಡಿನ ಮುಂದೆ ನಿಂತಿದ್ದರು. ಮರುದಿನದಿಂದ ರೇಷ್ಮೆ ಕೊಡಲಿಲ್ಲ.

ನಾನು ಲಕ್ಷ್ಮೀದೇವಿಯ ಮನೆಗೆ ಹೋದಾಗ ಮಗ್ಗ ಖಾಲಿ ಇತ್ತು. ಆಕೆ ಮೊದಲು ಕನ್ನಡದಲ್ಲಿ ಬೈದರು, ಆಮೇಲೆ ಮನೆಮಾತಾದ ತೆಲುಗಿಗೆ ಹೊರಳಿದರು. ತೆಲುಗಿಗೆ ಹೊರಳಿದರೆಂದರೆ ಸಿಟ್ಟು ನಿಜವಾದದ್ದು. ಕೊನೆಗೆ ಮತ್ತೆ ಕನ್ನಡದಲ್ಲಿ, "ನನ್ನ ಗಂಡಂಗೂ ಹೇಳಿರಲಿಲ್ಲ ಸರ್, ಕಂಪ್ಯೂಟರಿಗೆ ಮಾತ್ರ ಹೇಳಿದ್ದೆ," ಎಂದರು.

ನೇರವಾಗಿ ಸಾಹುಕಾರರ ಅಂಗಡಿಗೆ ಹೋದೆ. "ಹೊತ್ತು ಜೋಡಿಸೋದ್ರಾಗ ನಂದೇ ತಪ್ಪಾಗೈತೆ. ಅದನ್ನ ಓದಿದ್ದು ಆಯಮ್ಮ ಅಲ್ಲ."

"ಮತ್ತ್ಯಾರು?"

"ನಾನು."

"ಸೀರೆ ಮಾರೋದು ನಿಂಗ್ಯಾಕೋ?"

"ಒಂದು ಮಗ್ಗ ಹಾಕೋಣ ಅಂತ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ಸಾಹುಕಾರರನ್ನು ಬಿಟ್ಟು. ನಾನು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. "ಮಗ್ಗ ಎಲ್ಲಿ ಹಾಕ್ತೀರಿ, ಅಡುಗೆಮನೇಲೋ ನಡುಮನೇಲೋ?" ಎಂದಳು ಗಿರಿಜಾ.

ಹದಿನೈದು ದಿನಕ್ಕೆ ಸಾಹುಕಾರರೇ ರೇಷ್ಮೆ ಕಳಿಸಿದರು. ನನ್ನ ಸುಳ್ಳನ್ನು ನಂಬಿ ಅಲ್ಲ. ಲಕ್ಷ್ಮೀದೇವಿ ನೇಯುವಂಥ ಅಂಚು ಆ ಬೀದಿಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಚಳ್ಳಕೆರೆಯ ತರಬೇತಿದಾರರಿಗೆ ಫೋನ್ ಮಾಡಿ, ನಿದ್ದೆಯಲ್ಲಿ ಕಳೆದುಕೊಂಡ ಪಾಠ ಮತ್ತೆ ಹೇಳಿಸಿಕೊಂಡೆ. ಓದುಗರು ಎದ್ದು ಹೋಗುವಾಗ ಹುಡುಕಿದ್ದೆಲ್ಲ ಅಳಿಸಿಹೋಗುವಂತೆ ಮಾಡುವುದು ಐದು ನಿಮಿಷದ ಕೆಲಸ. ಈಗ ಹಾಜರಿ ಪುಸ್ತಕದಲ್ಲಿ ಎಷ್ಟು ಜನ ಬಂದರು ಎಂಬ ಲೆಕ್ಕ ಮಾತ್ರ ಇರುತ್ತದೆ, ಹೆಸರಿಲ್ಲ. ಪರದೆಗಳು ಗೋಡೆಯ ಕಡೆ ತಿರುಗಿವೆ.

ಪಟ್ಟಿಯ ನಂತರ ಜನ ಕಂಪ್ಯೂಟರ್ ಮುಟ್ಟುವುದನ್ನೇ ಬಿಟ್ಟಿದ್ದರು. ಮೊದಲು ಮರಳಿ ಬಂದದ್ದು ಲಕ್ಷ್ಮೀದೇವಿ. ನಾನು ಎಲ್ಲ ವ್ಯವಸ್ಥೆಯನ್ನೂ ಸವಿಸ್ತಾರವಾಗಿ ವಿವರಿಸಿದೆ. ಆಕೆ ಸಮಾಧಾನದಿಂದ ಕೇಳಿಸಿಕೊಂಡು ಕುರ್ಚಿ ಎಳೆದುಕೊಂಡರು.

"ಎಲ್ಲಾ ಸರಿ ಐತೆ ಸರ್. ಈಗ ನೀವು ಒಂಚೂರು ಹೊರಗಡೆ ಕೂತ್ಕಳ್ರಿ."

ಬೇಸಿಗೆಯ ಬಿಸಿಲಿತ್ತು. ನಾನು ಹೋಗಿ ಮೆಟ್ಟಿಲ ಮೇಲೆ ಕೂತೆ.