ಗುಡ್ಡದ ಪೊದೆಗೆ ಗಂಡು ನೋಡಿದ್ದು

ಹಗಲುಗನಸು ಕಾಣುವವರಿಗೆ ಸಂಬಳ ಕೊಡುವವರು ಅಪರೂಪ. ಆ ಪುಣ್ಯ ನನಗಿದೆ. ಹಾಸನದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಲೇ ಕಿಟಕಿಯಾಚೆಯ ಮೋಡದ ಹಿಂದೆ ಹೋಗಿಬಿಡುತ್ತೇನೆ. ಮನೆಯಲ್ಲಿ ಒಲೆ ಮೇಲೆ ಹಾಲಿಟ್ಟು ಎಲ್ಲೋ ಇರುತ್ತೇನೆ; ಉಕ್ಕಿದ್ದನ್ನು ನೋಡುವವರು ನಮ್ಮತ್ತೆ. ಈಚೆಗೆ ನನ್ನ ಕನಸಿನ ತುಂಬ ಒಂದು ಪೊದೆ. ನಮ್ಮ ಸೀಮೆಯ ನಾಲ್ಕಾರು ಗುಡ್ಡ ಬಿಟ್ಟರೆ ಜಗತ್ತಿನಲ್ಲೆಲ್ಲೂ ಇಲ್ಲದ, ಮೊಣಕಾಲೆತ್ತರದ ಬಡಪಾಯಿ. ಚನ್ನರಾಯಪಟ್ಟಣದ ಕಡೆಯ ಗುಡ್ಡದಲ್ಲಿ ಅದು ವರ್ಷವರ್ಷವೂ ಮೈತುಂಬ ಹೂ ಬಿಡುತ್ತದೆ, ಒಂದೇ ಒಂದು ಕಾಯಿ ಕಚ್ಚುವುದಿಲ್ಲ. ಕಾಯಿಲ್ಲದೆ ಬೀಜವಿಲ್ಲ, ಈಗಿರುವ ಪೊದೆಗಳು ಒಣಗಿದರೆ ಅಲ್ಲಿಗೆ ಮುಗಿಯಿತು. ನೆನೆದರೆ ನಿಜವಾಗಿಯೂ ಅಳು ಬರುತ್ತಿತ್ತು.

ಎಲೆ ಕಿತ್ತು ತಂದು ಡಿಎನ್‌ಎ ಪರೀಕ್ಷೆ ಮಾಡಿದೆ. ಗಿಡದ ವಂಶದ ಗುರುತುಗಳು ಅದರಲ್ಲಿ ಗೆರೆಗೆರೆಯಾಗಿ ಮೂಡುತ್ತವೆ; ಗೆರೆ ಬೇರೆಯಾದರೆ ಮೂಲವೂ ಬೇರೆ. ಆ ಗುಡ್ಡದ ಪೊದೆಗಳದ್ದೆಲ್ಲ ಒಂದೇ ಗೆರೆ. ಒಂದೇ ಬೇರಿನಿಂದ ಚಿಗುರಿ ಹಬ್ಬಿದಂಥವು. ತಮ್ಮದೇ ವಂಶದ ಪರಾಗ ಬಿದ್ದರೆ ಕಾಯಿ ಕಟ್ಟುವುದಿಲ್ಲ. ಅವರೆಕಾಯಿ ಸುಲಿಯುತ್ತ ಅತ್ತೆಗೆ ಹೇಳಿದೆ. ಸಂಬಂಧ ಕುದುರಿಸುವುದರಲ್ಲಿ ಅವರಿಗೆ ಹೊಳೆನರಸೀಪುರದವರೆಗೂ ಹೆಸರು.

"ಒಂದೇ ಬೆಡಗು, ಒಂದೇ ವಂಸ ಅನ್ನು. ಅಣ್ತಮ್ಮಿಕೆವೊಳ್ಗೆ ಎಂಗವ್ವ ಮದ್ವೆ ಮಾಡಕಾಯ್ತದೆ? ಬ್ಯಾರೆ ಕಡೆ ಗಂಡು ನೋಡು" ಎಂದರು.

ನೋಡಿದೆ. ಅರಕಲಗೂಡಿನ ಕಡೆಯ ಗುಡ್ಡದ ಪೊದೆಯಲ್ಲಿ ಗೆರೆ ಬೇರೆ ಬಂತು. ಹೂವಿನ ಕಾಲಕ್ಕೆ ಪರಾಗ ತರಲು ಖಾಲಿ ಬೆಂಕಿಪೊಟ್ಟಣ ಹಿಡಿದು ಹೊರಟೆ. "ಗಂಡನ್ನ ಬೆಂಕಿಪೊಟ್ಣದಾಗೆ ಕರ್ಕೊಂಬತ್ತೀಯಾ? ಬೀಗ್ರು ಏನಂದಾರು?" ಎಂದು ಅತ್ತೆ ತಮ್ಮ ಬೆಳ್ಳಿಯ ಕುಂಕುಮದ ಭರಣಿಯನ್ನು ತೊಳೆದು ಒರೆಸಿ ಕೊಟ್ಟರು. ವಿಜ್ಞಾನ ಏನೆನ್ನುತ್ತದೋ, ಒಣಗಿತ್ತು, ಮುಚ್ಚಳವಿತ್ತು, ಸಾಕೆಂದೆ. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಹೇಮಾವತಿ ದಾಟಿತು, ತೆಂಗಿನ ಸಾಲು ಬಂತು, ಕಣ್ಣು ತಾನಾಗಿ ಮುಚ್ಚಿತು. ಒಂದು ಚಿಟಿಕೆ ಹಳದಿ ಪುಡಿಯ ದಿಬ್ಬಣಕ್ಕೆ ನಾನೊಬ್ಬಳೇ ಜನ. ಅಷ್ಟು ಸುಖದ ಪ್ರಯಾಣವನ್ನು ನಾನು ಮಾಡಿದ್ದೇ ಇಲ್ಲ. ಇಳಿಬಿಸಿಲಿನಲ್ಲಿ ಗುಡ್ಡ ಹತ್ತಿ, ಕುಂಚದ ತುದಿಯಿಂದ ಹೂಹೂವಿಗೂ ಮುಟ್ಟಿಸಿದೆ.

ಮದುವೆಯಾದ ಹೊಸತರಲ್ಲಿ ಕಂಡವರೆಲ್ಲ ನನ್ನ ಹೊಟ್ಟೆ ನೋಡಿ, "ಏನಾದ್ರೂ ವಿಶೇಷಾನಾ?" ಎಂದು ಕೇಳುತ್ತಿದ್ದರು. ಮನಸ್ಸಿನಲ್ಲೇ ಅವರಿಗೆಲ್ಲ ಹಿಡಿಶಾಪ ಹಾಕುತ್ತಿದ್ದೆ. ಈಗ ಭಾನುವಾರ ಬಂತೆಂದರೆ ನಾನೇ ಆ ಪೊದೆಯ ಮುಂದೆ ಮಂಡಿಯೂರಿ, ಹೂ ಉದುರಿದ ತೊಟ್ಟುಗಳನ್ನು ಎತ್ತಿ ಎತ್ತಿ ನೋಡುತ್ತೇನೆ. ಮೊನ್ನೆ ಒಂದು ತೊಟ್ಟು ಸಾಸಿವೆಯಷ್ಟು ಉಬ್ಬಿತ್ತು. ಕಿರುಚಿಬಿಟ್ಟೆ. ಸುದ್ದಿ ಹೇಳಲು ಫೋನ್ ತೆಗೆದರೆ, ಜೊತೆಗೆ ಬಂದಿದ್ದ ಅತ್ತೆ ಕೈ ಹಿಡಿದುಕೊಂಡರು.

"ಒಳ್ಗಿಡವ್ವ ಅದ್ನ. ಮೂರ್ ತಿಂಗ್ಳು ತುಂಬೋಗಂಟ ಯಾರ್ಗೂ ಏಳ್ಬಾರ್ದು."

ಆಗಲಿ ಎಂದು ತಲೆಯಾಡಿಸಿದ್ದೇನೆ. ನಿಮ್ಮ ಮುಂದೆ ಬಾಯಿಬಿಟ್ಟಿದ್ದು ಅವರಿಗೆ ತಿಳಿಯದಿರಲಿ.